‘ಲೀಗ್ ಇದ್ದರೆ ಸಾಕು’ ಎಂಬ ಭಯ: ಅಮೆರಿಕದ ಮಹಿಳಾ ಫುಟ್‌ಬಾಲ್ ಮತ್ತು ಅದರ ಅಭಿಮಾನಿಗಳು

2012ರ ನವೆಂಬರ್‌ನಲ್ಲಿ ಅಮೆರಿಕದ ಸಾಕರ್ ಫೆಡರೇಷನ್ ಹೊಸದೊಂದು ಮಹಿಳಾ ವೃತ್ತಿಪರ ಫುಟ್‌ಬಾಲ್ ಲೀಗನ್ನು ಘೋಷಿಸಿತು. ಹೆಸರು ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್, ಚಿಕ್ಕದಾಗಿ ಎನ್‌ಡಬ್ಲ್ಯೂಎಸ್‌ಎಲ್. ಅಲ್ಲಿನ ಅಭಿಮಾನಿಗಳಿಗೆ ಅದು ಖುಷಿಯ ಸುದ್ದಿ ಹೌದು, ಪೂರ್ತಿ ನಂಬುವಂಥ ಸುದ್ದಿ ಅಲ್ಲ. ಯಾಕಂದ್ರೆ ಹನ್ನೆರಡು ವರ್ಷಗಳಲ್ಲಿ ಇದು ಮೂರನೇ ಲೀಗ್. ಹಿಂದಿನ ಎರಡೂ ಸರಿಯಾಗಿ ಮೂರು ಮೂರು ಸೀಸನ್ ಆಡಿ ಬಾಗಿಲು ಹಾಕಿದ್ದವು. ಜರ್ಸಿ ಈಗಲೇ ಕೊಳ್ಳೋದಾ, ಇನ್ನೊಂದು ವರ್ಷ ನೋಡಿ ಕೊಳ್ಳೋದಾ ಎಂಬ ಲೆಕ್ಕಾಚಾರ ಇದ್ದದ್ದು ಸಹಜ.

ಹೊಸ ಮಹಿಳಾ ಲೀಗ್‌ಗೆ ಜನ ಹೇಗೆ ಪ್ರತಿಕ್ರಿಯಿಸಿದರು ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಟಿಕೆಟ್ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಕುರ್ಚಿ ಖಾಲಿ ಇದ್ದವು, ಅಷ್ಟೇ. ಆ ಲೆಕ್ಕ ಬೇಕು, ಮುಂದೆ ಕೊಡ್ತೀನಿ ಕೂಡ. ಆದರೆ ಬೆಂಗಳೂರಲ್ಲಿ ಕೂತು, ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತಿದ್ದ ಕಾಲದಿಂದಲೂ ಈ ಲೀಗನ್ನು ನಸುಕಿನಲ್ಲಿ ಎದ್ದು ನೋಡಿಕೊಂಡು ಬಂದ ನನಗೆ ಹೆಚ್ಚು ಮುಖ್ಯ ಅನ್ನಿಸಿರುವುದು ಇನ್ನೊಂದು ಸಂಗತಿ. ಅಭಿಮಾನಿಗಳ ಪ್ರೀತಿಯ ಒಳಗೆ ಒಂದು ಭಯ ಇತ್ತು: ಜಾಸ್ತಿ ಪ್ರಶ್ನೆ ಕೇಳಿದರೆ ಈ ಲೀಗೂ ಮುಚ್ಚಿಬಿಡಬಹುದು. ಆ ಭಯದಿಂದ ಯಾರಿಗೆ ಲಾಭವಾಯಿತು, ಅದರ ಬೆಲೆ ಯಾರು ತೆತ್ತರು ಅನ್ನುವುದೇ ಈ ಲೀಗಿನ ನಿಜವಾದ ಇತಿಹಾಸ.

ಎರಡು ಲೀಗ್‌ಗಳ ಸಾವು

1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನೋಡಲು 90,185 ಜನ ಸೇರಿದ್ದರು. ಅಮೆರಿಕ ಪೆನಾಲ್ಟಿ ಶೂಟೌಟ್‌ನಲ್ಲಿ ಚೀನಾವನ್ನು ಸೋಲಿಸಿತು. ಆ ಬಿಸಿಯಲ್ಲೇ ಹುಟ್ಟಿದ್ದು ವಿಮೆನ್ಸ್ ಯುನೈಟೆಡ್ ಸಾಕರ್ ಅಸೋಸಿಯೇಷನ್. ಡಿಸ್ಕವರಿ ಚಾನೆಲ್ ಕಟ್ಟಿದ ಜಾನ್ ಹೆಂಡ್ರಿಕ್ಸ್ ಇದರ ಹಿಂದಿದ್ದರು, ಕೇಬಲ್ ಕಂಪನಿಗಳು ದುಡ್ಡು ಹಾಕಿದವು. 2001ರ ಏಪ್ರಿಲ್ 14ರಂದು ವಾಷಿಂಗ್ಟನ್‌ನ ಆರ್‌ಎಫ್‌ಕೆ ಕ್ರೀಡಾಂಗಣದಲ್ಲಿ ನಡೆದ ಮೊದಲ ಪಂದ್ಯಕ್ಕೆ ಬಂದವರು 34,148 ಜನ. ಮಿಯಾ ಹ್ಯಾಮ್ ಒಂದು ಕಡೆ, ಬ್ರ್ಯಾಂಡಿ ಚಾಸ್ಟೇನ್ ಇನ್ನೊಂದು ಕಡೆ. ಅವತ್ತು ಗ್ಯಾಲರಿಯಲ್ಲಿದ್ದವರಿಗೆ ಇದು ಮುಗಿದುಹೋಗುತ್ತದೆ ಅಂತ ಹೇಳಿದ್ದರೆ ನಗುತ್ತಿದ್ದರೇನೋ.

ಆದರೆ ಐದು ವರ್ಷಕ್ಕೆಂದು ಇಟ್ಟುಕೊಂಡಿದ್ದ ಸುಮಾರು 4 ಕೋಟಿ ಡಾಲರ್ ಮೊದಲ ವರ್ಷದಲ್ಲೇ ಕರಗಿತು. ಸರಾಸರಿ ಪ್ರೇಕ್ಷಕರು 8,000ದ ಆಸುಪಾಸಿನಿಂದ 7,000ಕ್ಕಿಂತ ಕೆಳಗಿಳಿದರು. 2003ರ ಸೆಪ್ಟೆಂಬರ್ 15ರಂದು ಲೀಗ್ ನಿಂತಿತು. ಅದೇ ದೇಶದಲ್ಲಿ ಮುಂದಿನ ವಿಶ್ವಕಪ್ ಶುರುವಾಗಲು ಆಗ ಐದೇ ದಿನ ಬಾಕಿ.

ಎರಡನೆಯದು ವಿಮೆನ್ಸ್ ಪ್ರೊಫೆಷನಲ್ ಸಾಕರ್. 2009ರಲ್ಲಿ ಏಳು ತಂಡಗಳೊಂದಿಗೆ ಶುರು. ಬ್ರೆಜಿಲ್‌ನ ಮಾರ್ತಾ ಆಡಿದ್ದ ಲಾಸ್ ಏಂಜಲೀಸ್ ಸೋಲ್ ತಂಡ ಒಂದೇ ಸೀಸನ್‌ಗೆ ಮುಚ್ಚಿತು. ಸೇಂಟ್ ಲೂಯಿಸ್ ತಂಡ 2010ರ ಸೀಸನ್ ಮಧ್ಯದಲ್ಲೇ ಕಣ್ಮರೆಯಾಯಿತು. ಟಿಕೆಟ್ ತಗೊಂಡವರು ತಗೊಂಡಹಾಗೆಯೇ ಉಳಿದರು. ಕೊನೆಗೆ ಒಬ್ಬ ತಂಡದ ಮಾಲೀಕನ ಜೊತೆ ಕೋರ್ಟ್ ಜಗಳ ಹತ್ತಿ, 2012ರಲ್ಲಿ ಲೀಗೇ ಮುಗಿಯಿತು.

ಬಾಸ್ಟನ್ ಬ್ರೇಕರ್ಸ್ ಎಂಬ ತಂಡದ ಹೆಸರು ಮೂರೂ ಲೀಗ್‌ಗಳಲ್ಲಿದೆ. ಮೊದಲನೆಯದು ಸತ್ತಾಗ ಸತ್ತು, ಎರಡನೆಯದರಲ್ಲಿ ಹುಟ್ಟಿ, ಮತ್ತೆ ಮೂರನೆಯದಕ್ಕೆ ಬಂದು, 2018ರ ಜನವರಿಯಲ್ಲಿ ಕೊನೆಗೂ ಬಾಗಿಲು ಹಾಕಿತು. ಆ ಊರಿನ ಅಭಿಮಾನಿಯೊಬ್ಬರ ಮನಸ್ಸನ್ನು ಯೋಚಿಸಿ ನೋಡಿ. ಒಂದೇ ತಂಡಕ್ಕೆ ಮೂರು ಸಲ ತಿಥಿ ಮಾಡಿದವರು. ಇಂಥವರು ಹೊಸ ಲೀಗ್ ಬಂದಾಗ ಅನುಮಾನದಿಂದ ನೋಡಿದರೆ ಅದನ್ನು ಸಿನಿಕತನ ಅನ್ನಲಾಗದು.

ಹೋದರೆ ಪೋರ್ಟ್‌ಲ್ಯಾಂಡ್‌ಗೆ ಹೋಗಬೇಕು

2013ರ ಏಪ್ರಿಲ್ 13ರಂದು ಎನ್‌ಡಬ್ಲ್ಯೂಎಸ್‌ಎಲ್ ಶುರುವಾದಾಗ ಹಿಂದಿನ ಆಡಂಬರ ಇರಲಿಲ್ಲ. ಎಂಟು ತಂಡಗಳು. ರಾಷ್ಟ್ರೀಯ ತಂಡದ ಆಟಗಾರ್ತಿಯರ ಸಂಬಳವನ್ನು ಅಮೆರಿಕ, ಕೆನಡಾ, ಮೆಕ್ಸಿಕೊ ಫೆಡರೇಷನ್‌ಗಳೇ ಕೊಡುವುದು, ಉಳಿದವರನ್ನು ಕ್ಲಬ್‌ಗಳು ನೋಡಿಕೊಳ್ಳುವುದು ಎಂಬ ವ್ಯವಸ್ಥೆ. ಸಣ್ಣದಾಗಿ ಬದುಕು, ಆದರೆ ಬದುಕು ಅನ್ನುವುದೇ ಮಂತ್ರ.

ಇದಕ್ಕೆ ದೊಡ್ಡ ಅಪವಾದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್. ಅಲ್ಲಿನ ಪುರುಷರ ತಂಡ ಟಿಂಬರ್ಸ್‌ಗೆ ಆಗಲೇ ಗಟ್ಟಿ ಅಭಿಮಾನಿ ಪಡೆ ಇತ್ತು. ಮಹಿಳಾ ತಂಡ ಥಾರ್ನ್ಸ್‌ಗೆ ಅದರ ಜೊತೆಗೇ ತನ್ನದೇ ಪಡೆ ಕಟ್ಟಿಕೊಂಡಿತು: ರೋಸ್ ಸಿಟಿ ರಿವೆಟರ್ಸ್. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಸಂಕೇತವಾದ ‘ರೋಸಿ ದಿ ರಿವೆಟರ್’ನಿಂದ ಬಂದ ಹೆಸರು. ಡ್ರಮ್ಮು, ಬಾವುಟ, ಕೆಂಪು ಹೊಗೆ, 90 ನಿಮಿಷ ನಿಂತೇ ಹಾಡುವುದು. ‘ಮಹಿಳಾ ಫುಟ್‌ಬಾಲ್ ಅಂದ್ರೆ ಮಕ್ಕಳನ್ನ ಕರ್ಕೊಂಡು ಭಾನುವಾರ ಹೋಗಿಬರೋದು’ ಎಂಬ ಮಾರ್ಕೆಟಿಂಗ್ ಕಲ್ಪನೆಯನ್ನು ಈ ಜನ ಮೊದಲ ತಿಂಗಳಲ್ಲೇ ಮುರಿದರು. ತವರಿನ ಮೊದಲ ಪಂದ್ಯಕ್ಕೆ 16,479 ಜನ. ಆ ಸೀಸನ್‌ನ ಸರಾಸರಿ 13,320.

ಇಡೀ ಲೀಗಿನ ಸರಾಸರಿ ಮಾತ್ರ 4,270. ಪೋರ್ಟ್‌ಲ್ಯಾಂಡ್ ಬಿಟ್ಟು ಲೆಕ್ಕ ಹಾಕಿದರೆ ಉಳಿದ ಏಳು ತಂಡಗಳದ್ದು 3,000ದ ಆಸುಪಾಸು. ಹಾಗಾಗಿ ‘ಅಭಿಮಾನಿಗಳ ಪ್ರತಿಕ್ರಿಯೆ’ ಅಂತ ಒಂದೇ ಮಾತಲ್ಲಿ ಹೇಳುವುದು ಕಷ್ಟ. ಒಂದು ಊರಲ್ಲಿ ಜಾತ್ರೆ, ಉಳಿದ ಊರುಗಳಲ್ಲಿ ಒಬ್ಬರಿಗೊಬ್ಬರು ಗುರುತಿರುವಷ್ಟು ಜನ.

ಆ ಸಣ್ಣ ಊರುಗಳ ಜನರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲ ಸೀಸನ್‌ನಲ್ಲಿ ಕನಿಷ್ಠ ಸಂಬಳ ಎಷ್ಟು ಗೊತ್ತಾ? ಸೀಸನ್‌ಗೆ 6,000 ಡಾಲರ್. ಗರಿಷ್ಠ 30,000. ಈ ದುಡ್ಡಿನಲ್ಲಿ ಅಮೆರಿಕದಲ್ಲಿ ಮನೆ ಬಾಡಿಗೆ ಕಟ್ಟಲಾಗದು. ಹಾಗಾಗಿ ಕ್ಲಬ್‌ಗಳು ಆಟಗಾರ್ತಿಯರನ್ನು ‘ಹೋಸ್ಟ್ ಫ್ಯಾಮಿಲಿ’ಗಳಲ್ಲಿ ಇರಿಸುತ್ತಿದ್ದವು. ಊರಿನ ಕುಟುಂಬಗಳು ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟು, ಊಟ ಹಾಕಿ, ಮಗಳಂತೆ ನೋಡಿಕೊಂಡವು. ಕೇಳೋಕೆ ಎಷ್ಟು ಚೆಂದ ಅಲ್ವಾ? ಒಳ್ಳೆಯ ಜನರೇ ಅವರು, ಅನುಮಾನವಿಲ್ಲ. ಆದರೆ ಮಾಲೀಕ ಕೊಡಬೇಕಾದ ಬಾಡಿಗೆಯನ್ನು ಇಲ್ಲಿ ಊರಿನ ಜನರು ತಮ್ಮ ಕೋಣೆಯ ರೂಪದಲ್ಲಿ ಕೊಡುತ್ತಿದ್ದರು. ಆಟಗಾರ್ತಿ ಬೆಳಿಗ್ಗೆ ತರಬೇತಿ ಮುಗಿಸಿ ಮಧ್ಯಾಹ್ನ ಮಕ್ಕಳಿಗೆ ಕೋಚಿಂಗ್ ಕೊಟ್ಟೋ, ಇನ್ನೆಲ್ಲೋ ದುಡಿದೋ ತಿಂಗಳು ದೂಡುತ್ತಿದ್ದಳು. ಇದನ್ನೆಲ್ಲ ‘ತ್ಯಾಗ’ ಎಂದು ಕರೆಯುವುದು ಸುಲಭವಿತ್ತು. ನಮ್ಮಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರ ದುಡಿಮೆಯನ್ನು ‘ಸೇವೆ’ ಎಂದು ಕರೆದು ಗೌರವಧನ ಕೊಡುವುದನ್ನು ನೋಡಿದವರಿಗೆ ಈ ಜಾಣತನ ಹೊಸದಲ್ಲ.

ಸಿಟ್ಟು ಬಂದ ಸಂದರ್ಭಗಳೂ ಇದ್ದವು. 2016ರ ಜುಲೈನಲ್ಲಿ ರೋಚೆಸ್ಟರ್‌ನಲ್ಲಿ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್ ಮತ್ತು ಸಿಯಾಟಲ್ ರೇನ್ ಪಂದ್ಯವನ್ನು ಬೇಸ್‌ಬಾಲ್ ಮೈದಾನದ ಒಂದು ಮೂಲೆಯಲ್ಲಿ ಆಡಿಸಿದರು. ಅಂಕಣದ ಅಗಲ 58 ಗಜ. ಇರಬೇಕಿದ್ದದ್ದು ಕನಿಷ್ಠ 70. ವೃತ್ತಿಪರ ಲೀಗ್ ಅನ್ನಿಸಿಕೊಂಡಿದ್ದರ ಪಂದ್ಯ ಪರದೆಯ ಮೇಲೆ ಗಲ್ಲಿ ಆಟದ ಥರ ಕಾಣುತ್ತಿತ್ತು. ಅಭಿಮಾನಿಗಳು ಉಗಿದರು, ಲೀಗ್ ಕಮಿಷನರ್ ಕ್ಷಮೆ ಕೇಳಿದರು. 2018ರಲ್ಲಿ ನ್ಯೂಜೆರ್ಸಿಯ ಸ್ಕೈ ಬ್ಲೂ ಆಟಗಾರ್ತಿಯರಿಗೆ ತರಬೇತಿಯ ಜಾಗದಲ್ಲಿ ಸ್ನಾನಕ್ಕೂ ವ್ಯವಸ್ಥೆ ಇಲ್ಲ, ಕೊಟ್ಟ ಮನೆಗಳು ವಾಸಕ್ಕೆ ಯೋಗ್ಯವಾಗಿಲ್ಲ ಎಂಬ ವರದಿಗಳು ಬಂದವು. ಆ ತಂಡದ ಸಹಮಾಲೀಕರಲ್ಲಿ ಒಬ್ಬರು ಆಗಿನ ನ್ಯೂಜೆರ್ಸಿ ಗವರ್ನರ್ ಫಿಲ್ ಮರ್ಫಿ. ಡೆಮಾಕ್ರಟಿಕ್ ಪಕ್ಷದವರು, ಕನಿಷ್ಠ ವೇತನ ಹೆಚ್ಚಿಸುವ ಪರ ಮಾತಾಡುವವರು. ಅಲ್ಲಿನ ಅಭಿಮಾನಿ ಗುಂಪು ‘ಕ್ಲೌಡ್ 9’ ಆಡಳಿತ ಬದಲಾಗಬೇಕು ಎಂದು ಹಿಡಿದ ಪಟ್ಟು ಮುಂದೆ ಬಂದದ್ದರ ಮುನ್ಸೂಚನೆಯಂತಿತ್ತು.

ಆದರೂ ಪ್ರತಿ ಸಲ ಟೀಕೆ ಎದ್ದಾಗ ಅಭಿಮಾನಿಗಳ ನಡುವಿನಿಂದಲೇ ಒಂದು ಮಾತು ಬರುತ್ತಿತ್ತು. ಮೆಲ್ಲಗೆ ಮಾತಾಡಿ, ಪ್ರಾಯೋಜಕರು ಓಡಿಹೋಗ್ತಾರೆ, ಇದೂ ಹೋದರೆ ಇನ್ನೊಂದು ಬರಲ್ಲ. ನನಗೂ ಆ ಮಾತಿನ ಹಿಂದಿನ ನೋವು ಅರ್ಥವಾಗುತ್ತಿತ್ತು. ಎರಡು ಸಲ ಕಳಕೊಂಡವರ ಮಾತದು.

2021, ಆರನೇ ನಿಮಿಷ

2021ರ ಸೆಪ್ಟೆಂಬರ್ 30ರಂದು ‘ದಿ ಅಥ್ಲೆಟಿಕ್’ನಲ್ಲಿ ಪತ್ರಕರ್ತೆ ಮೆಗ್ ಲೈನ್‌ಹ್ಯಾನ್ ಬರೆದ ವರದಿ ಪ್ರಕಟವಾಯಿತು. ಲೀಗಿನ ಅತಿ ಯಶಸ್ವಿ ಕೋಚ್‌ಗಳಲ್ಲಿ ಒಬ್ಬನಾದ ಪಾಲ್ ರೈಲಿ ವಿರುದ್ಧ ಮಾಜಿ ಆಟಗಾರ್ತಿಯರಾದ ಸಿನೇಡ್ ಫ್ಯಾರೆಲಿ ಮತ್ತು ಮಾನಾ ಶಿಮ್ ಹೆಸರು ಹೇಳಿಕೊಂಡೇ ಲೈಂಗಿಕ ಕಿರುಕುಳ, ಒತ್ತಾಯದ ಆರೋಪ ಮಾಡಿದ್ದರು. ರೈಲಿ ಬಹುತೇಕ ಆರೋಪಗಳನ್ನು ನಿರಾಕರಿಸಿದ. ಅದೇ ದಿನ ನಾರ್ತ್ ಕ್ಯಾರೊಲಿನಾ ಕರೇಜ್ ತಂಡ ಅವನನ್ನು ವಜಾ ಮಾಡಿತು. ಮರುದಿನ ಕಮಿಷನರ್ ಲೀಸಾ ಬೇರ್ಡ್ ರಾಜೀನಾಮೆ. ಆ ವಾರಾಂತ್ಯದ ಪಂದ್ಯಗಳೆಲ್ಲ ರದ್ದು.

ಅಭಿಮಾನಿಗಳಿಗೆ ಬಡಿದದ್ದು ಆರೋಪವಷ್ಟೇ ಅಲ್ಲ, ಅದರ ತಾರೀಖು. ರೈಲಿ 2014 ಮತ್ತು 2015ರಲ್ಲಿ ಪೋರ್ಟ್‌ಲ್ಯಾಂಡ್ ಕೋಚ್ ಆಗಿದ್ದ. 2015ರಲ್ಲೇ ಶಿಮ್ ದೂರು ಕೊಟ್ಟಿದ್ದರು, ಕ್ಲಬ್ ತನಿಖೆ ಮಾಡಿತ್ತು, ಅವನ ಒಪ್ಪಂದ ಮುಂದುವರಿಸಲಿಲ್ಲ. ಆದರೆ ಯಾಕೆ ಎಂದು ಅಭಿಮಾನಿಗಳಿಗೆ ಹೇಳಲಿಲ್ಲ. ಕೆಲವೇ ತಿಂಗಳಲ್ಲಿ ಅವನು ಇನ್ನೊಂದು ತಂಡ ಸೇರಿ 2016ರಲ್ಲಿ ಚಾಂಪಿಯನ್, ಮತ್ತೆ 2018, 2019ರಲ್ಲೂ ಚಾಂಪಿಯನ್. ಅಂದರೆ ಇಷ್ಟು ವರ್ಷ ಸಾವಿರಾರು ಜನ ಏನೂ ಗೊತ್ತಿಲ್ಲದೆ ಅವನಿಗೆ ಚಪ್ಪಾಳೆ ಹೊಡೆದಿದ್ದರು. ಲೀಗಿನ ಅತ್ಯುತ್ತಮ ಗ್ಯಾಲರಿ ಎಂದು ಹೆಮ್ಮೆಪಡುತ್ತಿದ್ದ ರಿವೆಟರ್ಸ್‌ಗಳು ಹಾಡಿದ ಹಾಡುಗಳು, ಮಾರಾಟವಾದ ಟಿಕೆಟ್‌ಗಳು ಮುಚ್ಚಿಟ್ಟವರ ಕ್ಲಬ್‌ಗೇ ಹೋಗಿದ್ದವು.

ಅಕ್ಟೋಬರ್ 6ರಂದು ಆಟ ಮತ್ತೆ ಶುರುವಾಯಿತು. ಆರನೇ ನಿಮಿಷದಲ್ಲಿ ಎರಡೂ ತಂಡಗಳ ಆಟಗಾರ್ತಿಯರು ಆಟ ನಿಲ್ಲಿಸಿ, ಮೈದಾನದ ನಡುವಿನ ವೃತ್ತದಲ್ಲಿ ತೋಳಿಗೆ ತೋಳು ಹೆಣೆದು ಸುಮ್ಮನೆ ನಿಂತರು. ದೂರು ಕೊಟ್ಟವರ ಮಾತು ಕೇಳಿಸಲು ಹಿಡಿದ ಆರು ವರ್ಷಗಳ ಲೆಕ್ಕ ಅದು. ಗ್ಯಾಲರಿಯೂ ಎದ್ದು ನಿಂತಿತು. ನಾನು ಈ ಲೀಗಿನ ಬಹಳ ಗೋಲುಗಳನ್ನು ಮರೆತಿದ್ದೇನೆ, ಆ ನಿಮಿಷ ಮಾತ್ರ ಮರೆತಿಲ್ಲ.

ಪೋರ್ಟ್‌ಲ್ಯಾಂಡ್ ಅಭಿಮಾನಿಗಳ ಮುಂದೆ ಒಂದು ಕಷ್ಟದ ಪ್ರಶ್ನೆ ಇತ್ತು. ಬಹಿಷ್ಕಾರ ಹಾಕಿದರೆ ಖಾಲಿ ಗ್ಯಾಲರಿ ಎದುರು ಆಡುವವರು ಆಟಗಾರ್ತಿಯರು, ಅವರ ತಪ್ಪೇನು? ಹೋದರೆ ದುಡ್ಡು ಸೇರುವುದು ಮಾಲೀಕನಿಗೆ. ಅವರು ಕಂಡುಕೊಂಡ ದಾರಿ ರಾಜಕೀಯವಾಗಿ ಬಹಳ ಚುರುಕಾದದ್ದು: ಪಂದ್ಯಕ್ಕೆ ಬನ್ನಿ, ಆದರೆ ಒಳಗೆ ಊಟ, ಬಿಯರ್, ಜರ್ಸಿ ಏನನ್ನೂ ಕೊಳ್ಳಬೇಡಿ. ಎಲ್ಲರಿಗೂ ಇದು ಒಪ್ಪಿಗೆಯಾಗಲಿಲ್ಲ. ಕೆಲವರು ಸೀಸನ್ ಟಿಕೆಟ್ಟನ್ನೇ ಬಿಟ್ಟರು. ಎರಡೂ ನಿಲುವಿನವರಿಗೆ ಅವರವರ ಕಾರಣಗಳಿದ್ದವು.

ವಾಷಿಂಗ್ಟನ್‌ನಲ್ಲಿ ಇನ್ನೊಂದು ನಾಟಕ. ಸ್ಪಿರಿಟ್ ತಂಡದ ಕೋಚ್ ವಿರುದ್ಧವೂ ನಿಂದನೆಯ ಆರೋಪಗಳು ಬಂದಿದ್ದವು. ತಂಡವನ್ನು ಸಹಮಾಲೀಕಿ ಮಿಶೆಲ್ ಕಾಂಗ್ ಅವರಿಗೆ ಮಾರಿ ಎಂದು ಆಟಗಾರ್ತಿಯರೇ ಇನ್ನೊಬ್ಬ ಮಾಲೀಕ ಸ್ಟೀವ್ ಬಾಲ್ಡ್‌ವಿನ್‌ಗೆ ಬಹಿರಂಗ ಪತ್ರ ಬರೆದರು. ಗ್ಯಾಲರಿಯಲ್ಲಿ ‘ತಂಡ ಮಾರು’ ಎಂಬ ಕೂಗು. ಆ ಗಲಾಟೆಯ ನಡುವೆಯೇ ತಂಡ ಚಾಂಪಿಯನ್ ಆಯಿತು, 2022ರಲ್ಲಿ ಕಾಂಗ್ ಮಾಲೀಕರಾದರು.

2022ರ ಅಕ್ಟೋಬರ್ 3ರಂದು, ಅಮೆರಿಕದ ಮಾಜಿ ಹಂಗಾಮಿ ಅಟಾರ್ನಿ ಜನರಲ್ ಸ್ಯಾಲಿ ಯೇಟ್ಸ್ ತನಿಖಾ ವರದಿ ಹೊರಬಂತು. ಇನ್ನೂರಕ್ಕೂ ಹೆಚ್ಚು ಜನರ ಜೊತೆ ಮಾತಾಡಿ ಬರೆದ ವರದಿ. ದೌರ್ಜನ್ಯ ಒಬ್ಬಿಬ್ಬರ ಕೆಟ್ಟತನವಲ್ಲ, ವ್ಯವಸ್ಥೆಯ ಭಾಗವೇ ಆಗಿತ್ತು ಎಂದು ಅದು ಹೇಳಿತು. ಲೀಗನ್ನು ತರಾತುರಿಯಲ್ಲಿ ಕಟ್ಟಿ, ಉಳಿಸಿಕೊಳ್ಳುವ ಚಿಂತೆಯಲ್ಲಿ ಆಟಗಾರ್ತಿಯರ ರಕ್ಷಣೆಗೆ ನಿಯಮಗಳನ್ನೇ ಮಾಡಿರಲಿಲ್ಲ. ನನ್ನ ಓದಿನಲ್ಲಿ ಆ ವರದಿಯ ಅತಿ ಕಹಿ ಭಾಗ ಇದೇ. ‘ಲೀಗ್ ಉಳಿಯಬೇಕು’ ಎಂಬ ಅಭಿಮಾನಿಯ ಪ್ರಾಮಾಣಿಕ ಆಸೆಯನ್ನು ಮೇಲೆ ಕೂತವರು ಬಾಯಿ ಮುಚ್ಚಿಸುವ ಸಾಧನ ಮಾಡಿಕೊಂಡಿದ್ದರು. ಕೆಲಸ ಹೋದೀತೆಂದು ಆಟಗಾರ್ತಿ ಸುಮ್ಮನಿದ್ದಳು, ತಂಡ ಹೋದೀತೆಂದು ಅಭಿಮಾನಿ ಸುಮ್ಮನಿದ್ದ.

ಆಮೇಲೆ ಬೇಗ ಬೇಗ ನಡೆಯಿತು. ಎರಡು ದಿನದಲ್ಲಿ ಪೋರ್ಟ್‌ಲ್ಯಾಂಡ್‌ನ ಇಬ್ಬರು ಹಿರಿಯ ಅಧಿಕಾರಿಗಳ ವಜಾ. ಮುಂದಿನ ವಾರ ಮಾಲೀಕ ಮೆರಿಟ್ ಪಾಲ್ಸನ್ ಸಿಇಒ ಹುದ್ದೆಯಿಂದ ಕೆಳಗಿಳಿದರು. ತಿಂಗಳ ಕೊನೆಗೆ ಥಾರ್ನ್ಸ್ ಮತ್ತೆ ಚಾಂಪಿಯನ್. ಆಟಗಾರ್ತಿಯರಿಗಾಗಿ ಕುಣಿಯಬೇಕು, ಕ್ಲಬ್‌ಗಾಗಿ ಕುಣಿಯಬಾರದು ಎಂಬ ವಿಚಿತ್ರ ಸಂಭ್ರಮ. ಡಿಸೆಂಬರ್ 1ಕ್ಕೆ ತಂಡ ಮಾರುವ ಘೋಷಣೆ. 2023ರ ಜನವರಿಯಲ್ಲಿ ರೈಲಿ ಸೇರಿ ನಾಲ್ವರು ಕೋಚ್‌ಗಳಿಗೆ ಶಾಶ್ವತ ನಿಷೇಧ, ಶಿಕಾಗೊ ತಂಡಕ್ಕೆ 15 ಲಕ್ಷ ಡಾಲರ್, ಪೋರ್ಟ್‌ಲ್ಯಾಂಡ್‌ಗೆ 10 ಲಕ್ಷ ಡಾಲರ್ ದಂಡ. 2024ರಲ್ಲಿ ಥಾರ್ನ್ಸ್ ಅನ್ನು 6.3 ಕೋಟಿ ಡಾಲರ್‌ಗೆ ಕೊಂಡದ್ದು ಭತಾಲ್ ಕುಟುಂಬ, ಭಾರತೀಯ ಮೂಲದವರು.

ಇದನ್ನೆಲ್ಲ ಅಭಿಮಾನಿಗಳೇ ಸಾಧಿಸಿದರು ಅಂದರೆ ಉತ್ಪ್ರೇಕ್ಷೆ. ಮೊದಲ ಸಾಹಸ ಫ್ಯಾರೆಲಿ ಮತ್ತು ಶಿಮ್ ಅವರದ್ದು, ಎರಡನೆಯದು ವರದಿಗಾರಿಕೆಯದ್ದು, ಮೂರನೆಯದು ಆಟಗಾರ್ತಿಯರ ಸಂಘದ್ದು. ಆದರೆ ವರದಿ ಬಂದು ವಾರ ಕಳೆದ ಮೇಲೆ ಸುದ್ದಿ ತಣ್ಣಗಾಗುತ್ತದಲ್ಲ, ಹಾಗೆ ತಣ್ಣಗಾಗಲು ಬಿಡದೆ ಒಂದು ವರ್ಷ ಪ್ರತಿ ಪಂದ್ಯದಲ್ಲೂ ಬ್ಯಾನರ್ ಹಿಡಿದವರು ಗ್ಯಾಲರಿಯ ಜನ.

ದುಡ್ಡು ಬಂದ ಮೇಲೆ

2022ರ ಜನವರಿಯಲ್ಲಿ ಆಟಗಾರ್ತಿಯರ ಸಂಘ ಮೊದಲ ಸಾಮೂಹಿಕ ಒಪ್ಪಂದ ಮಾಡಿಕೊಂಡಿತು, ಕನಿಷ್ಠ ಸಂಬಳ 35,000 ಡಾಲರ್ ಆಯಿತು. 2024ರ ಒಪ್ಪಂದದಲ್ಲಿ ‘ಡ್ರಾಫ್ಟ್’ ಪದ್ಧತಿಯನ್ನೇ ತೆಗೆದರು. ಯಾವ ಊರಿನ ತಂಡಕ್ಕೆ ಹೋಗಬೇಕೆಂದು ಈಗ ಆಟಗಾರ್ತಿಯೇ ತೀರ್ಮಾನಿಸಬಹುದು. 2023ರಲ್ಲಿ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್‌ನ ಪ್ರಸಾರ ಹಕ್ಕು. 2024ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ವೃತ್ತಿಪರ ಮಹಿಳಾ ತಂಡಕ್ಕೆಂದೇ ಕಟ್ಟಿದ 11,500 ಆಸನಗಳ ಕ್ರೀಡಾಂಗಣ. ಆ ಸೀಸನ್‌ನಲ್ಲಿ ಒಟ್ಟು ಪ್ರೇಕ್ಷಕರು ಮೊದಲ ಸಲ 20 ಲಕ್ಷ ದಾಟಿದರು.

ಗಮನಿಸಿ: ಮಾಲೀಕರನ್ನು ಪ್ರಶ್ನಿಸಿದರೆ ಲೀಗ್ ಮುಚ್ಚುತ್ತದೆ ಅಂದಿದ್ದರಲ್ಲ, ಲೀಗಿನ ಬೆಲೆ ನೆಗೆದದ್ದು ಪ್ರಶ್ನಿಸಿದ ಮೇಲೆ. ಪ್ರಶ್ನಿಸಿದ್ದಕ್ಕೇ ಬೆಳೆಯಿತು ಎಂದು ನಾನು ವಾದಿಸುತ್ತಿಲ್ಲ, ಬಂಡವಾಳಕ್ಕೆ ಅದರದ್ದೇ ಲೆಕ್ಕಗಳಿವೆ. ಆದರೆ ಮುಚ್ಚಿಹೋಗುತ್ತದೆ ಎಂಬ ಬೆದರಿಕೆಯಂತೂ ಸುಳ್ಳಾಯಿತು. ಈಗಿನ ತಕರಾರುಗಳು ಬೇರೆ: ಏರುತ್ತಿರುವ ಟಿಕೆಟ್ ದರ, ಹಳಬರ ಜಾಗದಲ್ಲಿ ಕಾರ್ಪೊರೇಟ್ ಬಾಕ್ಸ್‌ಗಳು, ಪಂದ್ಯಗಳು ನಾಲ್ಕಾರು ಚಾನೆಲ್‌ಗಳಲ್ಲಿ ಹಂಚಿಹೋಗಿರುವುದು.

ನಮ್ಮ ಲೀಗಿನ ಮಾತು

ಭಾರತದ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು 2017ರ ಜನವರಿಯಲ್ಲಿ, ದೆಹಲಿಯಲ್ಲಿ, ಆರು ತಂಡಗಳೊಂದಿಗೆ. ಆಮೇಲೆ ಶಿಲ್ಲಾಂಗ್, ಲೂಧಿಯಾನಾ, ಬೆಂಗಳೂರು, ಭುವನೇಶ್ವರ, ಅಹಮದಾಬಾದ್. ಪ್ರತಿ ವರ್ಷ ಎಲ್ಲ ತಂಡಗಳೂ ಒಂದು ಊರಿಗೆ ಹೋಗಿ ಕೆಲವೇ ವಾರಗಳಲ್ಲಿ ಆಡಿ ಮುಗಿಸುವ ಏರ್ಪಾಡು. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಗೋಕುಲಂ ಕೇರಳ 3-2ರಿಂದ ಮಣಿಪುರದ ಕ್ರಿಫ್ಸಾವನ್ನು ಸೋಲಿಸಿದ ಫೈನಲ್ ಅದ್ಭುತವಾಗಿತ್ತು, ಆದರೆ ಎರಡೂ ತಂಡಗಳಿಗೆ ಅದು ತವರಲ್ಲ. ಬೆಂಗಳೂರಿನದ್ದೇ ಆದ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಫೈನಲ್ ತಲುಪಿತು. ಆ ಪಂದ್ಯ ನಡೆದದ್ದು ಅಹಮದಾಬಾದಿನಲ್ಲಿ. ತವರಲ್ಲಿ ಆಡದ ತಂಡಕ್ಕೆ ಅಭಿಮಾನಿಗಳಿಲ್ಲ ಎಂದು ಗೊಣಗುವುದು ಯಾವ ನ್ಯಾಯ? ತವರು ಮತ್ತು ಎದುರಾಳಿಯ ಊರು ಎರಡೂ ಕಡೆ ಆಡುವ ಪದ್ಧತಿ ಬಂದದ್ದೇ 2023-24ರಲ್ಲಿ, ಏಳು ಸೀಸನ್ ಹಿಡಿಯಿತು.

2024ರ ಮಾರ್ಚ್‌ನಲ್ಲಿ ಎರಡನೇ ದರ್ಜೆಯ ಲೀಗ್ ಗೋವಾದಲ್ಲಿ ನಡೆಯುತ್ತಿದ್ದಾಗ, ಹಿಮಾಚಲದ ತಂಡವೊಂದರ ಇಬ್ಬರು ಆಟಗಾರ್ತಿಯರು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕಾರ್ಯಕಾರಿ ಸಮಿತಿ ಸದಸ್ಯನೊಬ್ಬ ಕೋಣೆಗೆ ನುಗ್ಗಿ ಹಲ್ಲೆ ಮಾಡಿದ ಎಂದು ದೂರು ಕೊಟ್ಟರು. ಪೊಲೀಸರು ಅವನನ್ನು ಬಂಧಿಸಿದರು, ಫೆಡರೇಷನ್ ಅಮಾನತು ಮಾಡಿತು. ಪೋರ್ಟ್‌ಲ್ಯಾಂಡ್‌ನಲ್ಲಿ ಆಟಗಾರ್ತಿಯರ ಬೆನ್ನಿಗೆ ತುಂಬಿದ ಗ್ಯಾಲರಿ ಇತ್ತು. ಈ ಇಬ್ಬರ ಬೆನ್ನಿಗೆ ಅಂಥದ್ದು ಇರಲಿಲ್ಲ.

ಆದರೆ ಸಂಘಟಿತ ಗ್ಯಾಲರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕಂಠೀರವದ ವೆಸ್ಟ್ ಬ್ಲಾಕ್ ಬ್ಲೂಸ್ ಇದೆ, ಕೋಲ್ಕತ್ತಾ ಇದೆ. 2021ರ ಜುಲೈನಲ್ಲಿ ಹೂಡಿಕೆದಾರರ ಜೊತೆಗಿನ ಒಪ್ಪಂದದ ಗೊಂದಲದ ಬಗ್ಗೆ ಈಸ್ಟ್ ಬೆಂಗಾಲ್ ಕ್ಲಬ್ಬಿನ ಎದುರು ಜಮಾಯಿಸಿದ್ದ ಅಭಿಮಾನಿಗಳ ಮೇಲೆ ಪೊಲೀಸರು ಲಾಠಿ ಬೀಸಿದ್ದರು. ಅದೇ ಕೆಂಪು-ಹಳದಿ ಜರ್ಸಿ ತೊಟ್ಟ ಹೆಂಗಸರು 2024-25ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಿದ್ದಾರೆ.